ಎರವಿನ ಕೊಡಲಿಯೂ ಸಾಲದ ಕಾರೂ

(ಓದತಕ್ಕ ಭಾಗಗಳು: ಅರಸುಗಳ ಎರಡನೆಯ ಪುಸ್ತಕ, 4ನೆಯ ಅಧ್ಯಾಯ 1ರಿಂದ 7, 6ನೆಯ ಅಧ್ಯಾಯ 1ರಿಂದ 7.)



ದೇವರ ಮನುಷ್ಯನಾದ ಎಲೀಷನ ಚರಿತ್ರೆಯಲ್ಲಿ ಸಾಲದ ಸಂಗತಿಯು ಎರಡು ಸಾರಿ ಬರುತ್ತದೆ. ಮೊದಲನೆಯದರಲ್ಲಿ ಪ್ರವಾದಿಮಂಡಲಿಗೆ ಸೇರಿದ ಒಬ್ಬನು ಸಾಲವನ್ನು ಉಳಿಸಿ ಸತ್ತಿದ್ದಾನೆ. ಅವನು ದೇವಭಕ್ತನೇ ಆಗಿದ್ದನು. ಆದರೂ ಸಾಲ ಕೊಟ್ಟವನು ಬಂದು ಆ ವಿಧವೆಯ ಇಬ್ಬರು ಗಂಡುಮಕ್ಕಳನ್ನು ದಾಸರನ್ನಾಗಿ ಹಿಡಿದೊಯ್ಯಲು ನಿಂತಿದ್ದಾನೆ. ಎರಡನೆಯದರಲ್ಲಿ ಪ್ರವಾದಿಗಳ ಶಿಷ್ಯರು ತಮ್ಮ ವಾಸಸ್ಥಳವು ಇಕ್ಕಟ್ಟಾಯಿತೆಂದು ಯೊರ್ದನ್ ಹೊಳೆಯ ದಡಕ್ಕೆ ಮರ ಕಡಿಯಲು ಹೋಗುತ್ತಾರೆ. ಅಲ್ಲಿ ಒಬ್ಬನ ಕೊಡಲಿಯ ಕಬ್ಬಿಣವು ಕಾವಿನಿಂದ ಕಳಚಿ ನೀರಿನಲ್ಲಿ ಬೀಳುತ್ತದೆ. ಆ ಯೌವನಸ್ಥನು ಗೋಳಾಡಿದ್ದು ಕೊಡಲಿ ಹೋಯಿತೆಂಬುದಕ್ಕಲ್ಲ. ಅದು ಎರವು ತಂದದ್ದಾಗಿತ್ತು ಎಂಬುದಕ್ಕೇ. ಪ್ರವಾದಿಯು ಅವನನ್ನು ಎರವು ತಂದದ್ದಕ್ಕಾಗಿ ಗದರಿಸಲಿಲ್ಲ. ಅದು ಎಲ್ಲಿ ಬಿತ್ತೆಂದು ಕೇಳಿ, ಅದನ್ನು ತೇಲುವಂತೆ ಮಾಡಿ ಕೊಟ್ಟನು.

ಈ ಎರಡು ಭಾಗಗಳನ್ನು ನಾವು ಈ ತಿಂಗಳಿಗಾಗಿ ಆರಿಸಿಕೊಂಡದ್ದಕ್ಕೆ ಕಾರಣವುಂಟು. ನಮ್ಮ ಹಳ್ಳಿಯ ಸಭೆಗಳಿಂದ ಹುಬ್ಬಳ್ಳಿಗೂ ಬೆಳಗಾವಿಗೂ ಬೆಂಗಳೂರಿಗೂ ಕೆಲಸಕ್ಕೆ ಹೋದ ಇಪ್ಪತ್ತಮೂರು ಇಪ್ಪತ್ತನಾಲ್ಕು ವಯಸ್ಸಿನ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ. “ಅಯ್ಯನವರೇ, ಸಾಲ ತೆಗೆದು ಕಾರು ಕೊಳ್ಳಬಹುದೋ, ಕೂಡದೋ?” ಅವರಿಗೆ ಸಂಬಳವು ಆರಂಭವಾಗಿ ಒಂದು ವರುಷವೂ ಆಗಿರುವದಿಲ್ಲ, ನಿಮಗೆ ಸಾಲವು ಆಗಲೇ ಮಂಜೂರಾಗಿದೆ ಎಂಬ ಸಂದೇಶವು ಅವರ ಫೋನಿಗೆ ಬಂದಿರುತ್ತದೆ. ಕೇಳದೆಯೇ ಕೊಡಲು ಬರುವವನನ್ನು ನಮ್ಮ ಅಜ್ಜಂದಿರು ಕಂಡಿರಲಿಲ್ಲ. ಅವರ ಕಾಲದಲ್ಲಿ ಸಾವಕಾರನ ಕಟ್ಟೆಯ ಮೇಲೆ ಅರ್ಧ ದಿವಸ ಕೂತುಕೊಳ್ಳಬೇಕಾಗಿತ್ತು. ಆ ಅರ್ಧ ದಿವಸದಲ್ಲಿ ಕೆಲವರಿಗೆ ಬುದ್ಧಿಯೂ ಬರುತ್ತಿತ್ತು.

ಈ ಪ್ರಶ್ನೆಗೆ ಸಭೆಯೊಳಗೆ ಎರಡು ಉತ್ತರಗಳು ಕೇಳಿಬರುತ್ತವೆ, ಎರಡೂ ಸಾಲವು. ಕೆಲವು ಹಿರಿಯರು, ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವನ್ನು ತೋರಿಸಿ, ಯಾವ ಸಾಲವನ್ನೂ ಮಾಡಕೂಡದೆಂದು ಪೌಲನು ಕಟ್ಟುಮಾಡಿದ್ದಾನೆ ಅನ್ನುತ್ತಾರೆ. ಆದರೆ ಆ ಮಾತಿನ ಮುಂಚಿನ ವಾಕ್ಯಗಳನ್ನು ಓದಿದರೆ, ಕಂದಾಯವನ್ನೂ ಸುಂಕವನ್ನೂ ಗೌರವವನ್ನೂ ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲಿಸಬೇಕೆಂಬದೇ ಅಪೊಸ್ತಲನ ಪ್ರಸ್ತಾಪವೆಂದು ತಿಳಿಯುತ್ತದೆ. ಸಲ್ಲಿಸಬೇಕಾದದ್ದನ್ನು ಸಲ್ಲಿಸದೆ ಇಟ್ಟುಕೊಳ್ಳುವದನ್ನು ಅವನು ಖಂಡಿಸುತ್ತಾನೆ. ಸಾಲವೇ ಪಾಪವಾಗಿದ್ದರೆ, ಬಡ ಸಹೋದರನಿಗೆ ಕೈಬಿಗಿಹಿಡಿಯದೆ ಸಾಲ ಕೊಡಬೇಕೆಂದು ಧರ್ಮೋಪದೇಶಕಾಂಡದ 15ನೆಯ ಅಧ್ಯಾಯವು ವಿಧಿಸುತ್ತಿರಲಿಲ್ಲ. ಸಾಲ ಕೇಳಬಂದವನಿಗೆ ಮುಖ ತಿರುಗಿಸಬಾರದೆಂದು ಯೇಸುಸ್ವಾಮಿಯೂ ಬೆಟ್ಟದ ಮೇಲೆ ಬೋಧಿಸುತ್ತಿರಲಿಲ್ಲ. ಕರ್ತನು ತಾನೇ ಯೆರೂಸಲೇಮಿಗೆ ಎರವಿನ ಕತ್ತೇಮರಿಯ ಮೇಲೆ ಪ್ರವೇಶಿಸಿದನು. ಮಾರ್ಕನ ಬರಹವನ್ನು ಗಮನಿಸಿರಿ. ಅದು ಬೇಕಾಗಿದೆಯೆಂದೂ, ಬೇಗನೆ ಹಿಂದಕ್ಕೆ ಕಳುಹಿಸಲ್ಪಡುವದೆಂದೂ ಅದರ ಕಡೆಯವರಿಗೆ ಹೇಳುವಂತೆ ಶಿಷ್ಯರಿಗೆ ಅಪ್ಪಣೆಯಾಗಿತ್ತು. ಅಗತ್ಯವೂ ಇತ್ತು, ಹಿಂದಿರುಗಿಸುವ ಮಾತೂ ಇತ್ತು.

ಬೇರೆ ಕೆಲವರು, ವಿಶೇಷವಾಗಿ ಯೌವನಸ್ಥರು, ಇದು ಲೌಕಿಕ ವಿಷಯ, ದೇವಾಲಯದೊಳಗೆ ಯಾಕೆ ತರಬೇಕು ಎಂದು ಕೇಳುತ್ತಾರೆ. ಅಂಥವರು ಎಲೀಷನ ಬಳಿಗೆ ಬಂದ ವಿಧವೆಯನ್ನು ನೋಡಲಿ. ಅವಳು ಬೋಧನೆ ಕೇಳಬೇಕೆಂದು ಬರಲಿಲ್ಲ. ಮಕ್ಕಳು ಹೋಗುತ್ತಾರೆಂದು ಬಂದಳು.

ಹಾಗಾದರೆ ಕೊಳ್ಳಬಹುದೋ ಕೂಡದೋ? ಲೂಕನ 14ನೆಯ ಅಧ್ಯಾಯದಲ್ಲಿ ಬುರುಜು ಕಟ್ಟಿಸಲು ಹೊರಟವನ ಸಾಮ್ಯವುಂಟು. ಅವನು ಮೊದಲು ಕೂತುಕೊಂಡು ಖರ್ಚನ್ನು ಲೆಕ್ಕಮಾಡಬೇಕಾಗಿತ್ತು. ನಾವೂ ಇಲ್ಲಿ ಕೂತುಕೊಂಡು ಲೆಕ್ಕಮಾಡೋಣ. ಪ್ರಸಂಗದಲ್ಲಿ ಅಂಕಿಗಳು ಬಂದವೆಂದು ಬೇಸರಪಡಬೇಡಿರಿ; ಮೋಶೆಯ ಐದು ಪುಸ್ತಕಗಳಲ್ಲಿ ಒಂದಕ್ಕೆ ಲೆಕ್ಕದಿಂದಲೇ ಹೆಸರು ಬಂದಿದೆ.

ಷೋರೂಮಿನಲ್ಲಿ 6,00,000 ರೂಪಾಯಿ ಬೆಲೆಯೆಂದು ಬರೆದಿರುವ ಒಂದು ಚಿಕ್ಕ ಪೆಟ್ರೋಲ್ ಕಾರನ್ನು ತೆಗೆದುಕೊಳ್ಳೋಣ. ನಮ್ಮ ರಾಜ್ಯದಲ್ಲಿ ಇಂಥ ಕಾರಿಗೆ ಒಂದೇ ಸಾರಿ ಕಟ್ಟಬೇಕಾದ ಜೀವಾವಧಿ ತೆರಿಗೆಯೇ ಬೆಲೆಯ ಹತ್ತರಲ್ಲೊಂದು ಪಾಲನ್ನು ಮೀರುತ್ತದೆ. ಅದಕ್ಕೆ ನೋಂದಣಿಯೂ ವಿಮೆಯೂ ಸೇರಬೇಕು. ಅಪಘಾತದಲ್ಲಿ ಪರರಿಗಾಗುವ ಹಾನಿಯ ವಿಮೆಯು 1988ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ ಕಡ್ಡಾಯ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಅದನ್ನು ಮೂರು ವರುಷಗಳಿಗೆ ಒಟ್ಟಿಗೆ ಕಟ್ಟಬೇಕೆಂಬ ಕ್ರಮವು ಬಂತು. ಹೀಗೆ ಕಾರು ಬೀದಿಗೆ ಇಳಿಯುವಾಗ ಏಳು ಲಕ್ಷವನ್ನು ಮೀರಿರುತ್ತದೆ. ಹುಡುಗನು ತನ್ನ ಉಳಿತಾಯವನ್ನೂ, ಹಲವು ಸಾರಿ ತಾಯಿಯ ಬಳೆಗಳನ್ನೂ ಮುಂಗಡವಾಗಿ ಇಟ್ಟು, ಉಳಿದ 6,00,000 ರೂಪಾಯಿಯನ್ನು ನೂರಕ್ಕೆ ವರುಷಕ್ಕೆ 10ರ ಬಡ್ಡಿಯಲ್ಲಿ ಸಾಲ ತೆಗೆದನೆಂದು ಎಣಿಸೋಣ.

ಐದು ವರುಷಗಳ ಅವಧಿಯಾದರೆ ತಿಂಗಳ ಕಂತು ಸುಮಾರು 12,750 ರೂಪಾಯಿ. ಇಷ್ಟು ಆಗದೆಂದು ಅವನು ಮುಖ ಸಣ್ಣ ಮಾಡಿದರೆ, ಮಾರುವವನು ಅವಧಿಯನ್ನು ಏಳು ವರುಷಕ್ಕೆ ಎಳೆಯುತ್ತಾನೆ. ಕಂತು ಸುಮಾರು 9,960ಕ್ಕೆ ಇಳಿಯುತ್ತದೆ. ಹುಡುಗನ ಮುಖ ಅರಳುತ್ತದೆ. ಆದರೆ ಐದು ವರುಷಗಳಲ್ಲಿ ಅವನು ಕೊಡುವ ಒಟ್ಟು ಬಡ್ಡಿಯು ಸುಮಾರು 1,65,000. ಏಳು ವರುಷಗಳಲ್ಲಿ ಕೊಡುವದು ಸುಮಾರು 2,36,700. ಕಂತು ಚಿಕ್ಕದಾಗಿ ಕಂಡದ್ದಕ್ಕೆ ಸುಮಾರು 72,000 ರೂಪಾಯಿ ಹೆಚ್ಚಾಗಿ ತೆತ್ತ ಹಾಗಾಯಿತು.

ಇದಕ್ಕಿಂತ ಕಣ್ಣಿಗೆ ಕಾಣದ ಬಲೆಯೊಂದುಂಟು. ಕೆಲವು ಕಡೆಗಳಲ್ಲಿ ಅದೇ 10ರ ಬಡ್ಡಿಯನ್ನು ‘ಫ್ಲಾಟ್’ ಎಂಬ ಹೆಸರಿನಿಂದ ಹೇಳುತ್ತಾರೆ. ಹಾಗೆಂದರೆ, ಸಾಲವು ತಿಂಗಳು ತಿಂಗಳು ಕರಗುತ್ತಾ ಬಂದರೂ ಕಡೇ ತಿಂಗಳವರೆಗೆ ಪೂರ್ತಿ ಆರು ಲಕ್ಷಕ್ಕೇ ಬಡ್ಡಿ ಕಟ್ಟುವದು. ಐದು ವರುಷಕ್ಕೆ ಬಡ್ಡಿಯು ಮೂರು ಲಕ್ಷ, ಕಂತು 15,000. ಉಳಿದಿರುವ ಸಾಲದ ಮೇಲೆ ಎಣಿಸಿದರೆ ಅದು 10 ಅಲ್ಲ, 17ನ್ನು ಮೀರಿದ ಬಡ್ಡಿ. ನಮ್ಮ ರೈತರು ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ, ಎರಡು ರೂಪಾಯಿ ಎಂದು ಬಾಯಿಲೆಕ್ಕದಲ್ಲಿ ಹೇಳುವಾಗ ಯಾರೂ ಅವರನ್ನು ಮೋಸಗೊಳಿಸಲಾರರು. ಅವರ ಓದಿದ ಮಕ್ಕಳು ಒಂದು ಆಂಗ್ಲ ಶಬ್ದವನ್ನು ಕೇಳಿ ತಲೆಯಾಡಿಸಿ ಬರುತ್ತಾರೆ.

ಈಗ ಸಂಬಳವನ್ನು ನೋಡೋಣ. ತಿಂಗಳಿಗೆ 25,000 ಬರುವವನು 9,960ನ್ನು ಕಂತಿಗೆ ಕೊಟ್ಟನು. ತಿಂಗಳಿಗೆ 500 ಕಿಲೋಮೀಟರು ಓಡಿಸಿದರೆ, ನೂರು ರೂಪಾಯಿಯನ್ನು ಮೀರಿದ ಪೆಟ್ರೋಲಿಗೆ ಮೂರು ಸಾವಿರದ ಸಮೀಪ ಹೋಗುತ್ತದೆ. ವಿಮೆ, ಸರ್ವೀಸು, ಟಯರು, ನಿಲ್ಲಿಸುವ ಜಾಗ, ಇವಕ್ಕಾಗಿ ತಿಂಗಳಿಗೆ ಎರಡು ಸಾವಿರವನ್ನಾದರೂ ತೆಗೆದಿಡಬೇಕು. ಕೈಯಲ್ಲಿ ಉಳಿದದ್ದು ಹತ್ತು ಸಾವಿರ. ಅದರಲ್ಲಿ ಕೋಣೆಯ ಬಾಡಿಗೆ, ಊಟ, ಬಟ್ಟೆ, ಊರಿಗೆ ಕಳುಹಿಸುವ ಹಣ. ಕಾಣಿಕೆಯ ಮಾತನ್ನು ನಾವು ಇಲ್ಲಿ ಎತ್ತುವದಿಲ್ಲ.

ಇಷ್ಟೆಲ್ಲಾ ಕೊಟ್ಟು ಕೊಂಡ ವಸ್ತುವು ಏನಾಗುತ್ತದೆ? ಎತ್ತುಗಳನ್ನು ಸಾಲ ಮಾಡಿ ಕೊಂಡವನಿಗೆ ಉಳುಮೆಯೂ ಗೊಬ್ಬರವೂ ಸಿಕ್ಕುತ್ತವೆ. ಕಾರಿನ ಬೆಲೆಯಾದರೋ ಇಳಿಯುತ್ತಲೇ ಹೋಗುತ್ತದೆ. ವಿಮೆಯವರ ಪಟ್ಟಿಯು ಇದನ್ನು ಮುಚ್ಚಿಡುವದಿಲ್ಲ. ಆರು ತಿಂಗಳು ದಾಟಿದರೆ ನೂರಕ್ಕೆ 15, ಒಂದು ವರುಷ ದಾಟಿದರೆ 20, ಎರಡು ದಾಟಿದರೆ 30, ಮೂರು ದಾಟಿದರೆ 40, ನಾಲ್ಕು ದಾಟಿದರೆ 50ನ್ನು ಬೆಲೆಯಲ್ಲಿ ಕಳೆಯುತ್ತಾರೆ. ಏಳು ವರುಷದ ಸಾಲ ತೆಗೆದ ನಮ್ಮ ಹುಡುಗನಿಗೆ ಒಂದು ವರುಷದ ಕೊನೆಯಲ್ಲಿ ಇನ್ನೂ ಸುಮಾರು 5,37,000 ಸಾಲವಿರುತ್ತದೆ. ವಿಮೆಯ ಲೆಕ್ಕದಲ್ಲಿ ಕಾರಿನ ಬೆಲೆ 4,80,000. ಮೂರು ವರುಷ ಒಂದು ಕಂತನ್ನೂ ತಪ್ಪಿಸದೆ ಕಟ್ಟಿದ ಮೇಲೆಯೂ ಸಾಲವು 3,92,000ವನ್ನು ಮೀರಿರುತ್ತದೆ, ಕಾರು 3,60,000ಕ್ಕೆ ಇಳಿದಿರುತ್ತದೆ. ಆ ದಿನ ಅವನ ಕೆಲಸ ಹೋದರೆ, ಕಾರನ್ನು ಮಾರಿದರೂ ಸಾಲ ತೀರದು. ಹೀಗೆ ವರುಷಗಟ್ಟಲೆ ಅವನ ಬಳಿಯಲ್ಲಿರುವದು ಆಸ್ತಿಯಲ್ಲ. ನೋಂದಣಿ ಪತ್ರದಲ್ಲಿಯೂ ಸಾಲ ಕೊಟ್ಟವರ ಹೆಸರು ಅವನ ಹೆಸರಿನ ಜೊತೆಗೆ ಬರೆಯಲ್ಪಟ್ಟಿರುತ್ತದೆ.

ನಮ್ಮ ಸೀಮೆಯವರಿಗೆ ಈ ವಿಷಯದಲ್ಲಿ ಹೊರಗಿನವರು ಪಾಠ ಹೇಳಬೇಕಾದ್ದಿಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಸ್ಥಾಪಿಸಿದ ಕೃಷಿ ಪತ್ತಿನ ಸಹಕಾರ ಸಂಘವು ಈ ದೇಶದಲ್ಲಿಯೇ ಮೊದಲನೆಯದೆಂದು ಹೆಸರಾಗಿದೆ. ಅಂಥ ಸಂಘಗಳ ಮಾದರಿಯು ಜರ್ಮನಿಯಲ್ಲಿ ಊರಿನ ಮುಖ್ಯಾಧಿಕಾರಿಯಾಗಿದ್ದ ರೈಫೈಜೆನ್ ಎಂಬವನಿಂದ ಬಂತು. ಇವನು ಸುವಾರ್ತಾಸಭೆಯ ಭಕ್ತಿಯುಳ್ಳ ಮನುಷ್ಯನು. ಬರಗಾಲದಲ್ಲಿ ಬಡವರಿಗೆ ರೊಟ್ಟಿ ಹಂಚಿ ನೋಡಿ, ದಾನವೊಂದೇ ಅವರನ್ನು ಬಡ್ಡಿಯವರ ಕೈಯಿಂದ ಬಿಡಿಸಲಾರದೆಂದು ಕಂಡು, 1864ರಲ್ಲಿ ಹೆಡೆಸ್‌ಡಾರ್ಫ್ ಎಂಬಲ್ಲಿ ಸಾಲದ ಸಂಘವನ್ನು ಕಟ್ಟಿದನು. ಅವನ ಕಟ್ಟಳೆಗಳಲ್ಲಿ ಎರಡನ್ನು ಇಲ್ಲಿ ಹೇಳುತ್ತೇವೆ. ಸಂಘವು ಒಬ್ಬರನ್ನೊಬ್ಬರು ಬಲ್ಲ ಒಂದೇ ಸೀಮೆಯವರದಾಗಿರಬೇಕು. ಸಾಲವು ಯಾವದಕ್ಕಾಗಿ ಎಂದು ಕೇಳಿ, ಅದು ಗಳಿಕೆಯನ್ನು ಹುಟ್ಟಿಸುವ ಕೆಲಸಕ್ಕಾದರೆ ಮಾತ್ರ ಕೊಡಬೇಕು. ಇಂದು ಫೋನಿನಲ್ಲಿ ಸಾಲ ಕೊಡುವವರು ಹುಡುಗನ ಸಂಬಳವನ್ನೂ ಹಳೆಯ ಕಂತುಗಳ ದಾಖಲೆಯನ್ನೂ ನೋಡುತ್ತಾರೆ; ಅವನಿಗೆ ಕಾರು ಯಾಕೆ ಬೇಕೆಂದು ಮಾತ್ರ ಒಬ್ಬನೂ ಕೇಳುವದಿಲ್ಲ. ಆದದರಿಂದ ಆ ಪ್ರಶ್ನೆಯನ್ನು ಮನೆಯವರೂ ಸಭೆಯವರೂ ಕೇಳಬೇಕಾಗಿದೆ.

ಯಾಕೆ ಬೇಕು? ಕೊಡಲಿಯನ್ನು ಎರವು ತಂದವನು ಮರ ಕಡಿಯುವದಕ್ಕಾಗಿ ತಂದನು. ಊರೂರಿಗೆ ತಿರುಗಿ ಯಂತ್ರ ರಿಪೇರಿ ಮಾಡುವವನಿಗೂ, ರಾತ್ರಿ ಪಾಳಿ ಮುಗಿಸಿ ಬಸ್ಸಿಲ್ಲದ ಹೊತ್ತಿನಲ್ಲಿ ಹಳ್ಳಿಗೆ ಮರಳಬೇಕಾದ ನರ್ಸಮ್ಮನಿಗೂ, ವಾರಕ್ಕೆ ಮೂರು ಸಾರಿ ತಂದೆಯನ್ನು ಡಯಾಲಿಸಿಸಿಗಾಗಿ ಪಟ್ಟಣಕ್ಕೆ ಕರೆದೊಯ್ಯಬೇಕಾದ ಮಗನಿಗೂ ಕಾರು ಕೊಡಲಿಯೇ ಸರಿ. ಅಂಥವರನ್ನು ನಾವು ತಡೆಯುವದಿಲ್ಲ. ಅವರು ಹೊಸದನ್ನೇ ಕೊಳ್ಳಬೇಕೆಂಬ ನಿಯಮವೂ ಇಲ್ಲ. ಮೂರು ನಾಲ್ಕು ವರುಷ ಓಡಿದ ಕಾರನ್ನು ತಿಳಿದ ಮಿಸ್ತ್ರಿಗೆ ತೋರಿಸಿ ಕೊಂಡರೆ, ಬೆಲೆಯ ದೊಡ್ಡ ಇಳಿತವನ್ನು ಮೊದಲಿನ ಯಜಮಾನನೇ ಹೊತ್ತಿರುತ್ತಾನೆ.

ಆದರೆ ಗಳಿಕೆಗಾಗಿ ಎಂಬ ಮಾತನ್ನೂ ಶೋಧಿಸಬೇಕು. ಬಾಡಿಗೆ ಕಾರಿನ ವಿಷಯದಲ್ಲಿ ಬೆಂಗಳೂರಿನಲ್ಲಿ ನಡೆದದ್ದನ್ನು ಮರೆಯಬಾರದು. ಫೋನಿನ ಮೂಲಕ ಬಾಡಿಗೆ ಕೊಡಿಸುವ ಕಂಪನಿಗಳು ಮೊದಮೊದಲು ಚಾಲಕರಿಗೆ ದೊಡ್ಡ ಪ್ರೋತ್ಸಾಹಧನವನ್ನು ಕೊಟ್ಟವು. ಅದನ್ನು ನೋಡಿ ಹಳ್ಳಿಗಳ ಅನೇಕ ತರುಣರು ಸಾಲದಿಂದ ಕಾರುಗಳನ್ನು ಕೊಂಡರು. ಮುಂದೆ ಆ ಹಣವು ಇಳಿಯಿತು, ಕಂತು ಇಳಿಯಲಿಲ್ಲ. 2017ರಲ್ಲಿ ಚಾಲಕರು ಬೆಂಗಳೂರಿನಲ್ಲಿ ಮುಷ್ಕರ ಹೂಡಿದರು. ಅನಂತರ 2020ರಲ್ಲಿ ಕೋವಿಡ್ ಬಂದು ಬೀದಿಗಳು ಬರಿದಾದಾಗ, ರಿಸರ್ವ್ ಬ್ಯಾಂಕು ಮಾರ್ಚಿನಿಂದ ಆಗಸ್ಟಿನವರೆಗೆ ಕಂತುಗಳನ್ನು ಮುಂದಕ್ಕೆ ಹಾಕಲು ಅವಕಾಶ ಕೊಟ್ಟಿತು. ಕಂತು ನಿಂತಿತೇ ಹೊರತು ಬಡ್ಡಿಯು ನಿಲ್ಲಲಿಲ್ಲ. ಆರು ತಿಂಗಳ ಬಡ್ಡಿಯು ಸಾಲಕ್ಕೆ ಸೇರಿಕೊಂಡಿತು. ಹಾಗಾದದರಿಂದ ಬಾಡಿಗೆಗೆ ಕಾರು ಕೊಳ್ಳುವವನು ಒಳ್ಳೆಯ ತಿಂಗಳ ಗಳಿಕೆಯ ಮೇಲೆ ಅಲ್ಲ, ಕೆಟ್ಟ ತಿಂಗಳ ಗಳಿಕೆಯ ಮೇಲೆ ಕಂತನ್ನು ಗೊತ್ತುಮಾಡಿಕೊಳ್ಳಲಿ. ಸ್ವಂತಕ್ಕೆಂದು ಬಿಳಿ ಫಲಕದ ಕಾರು ಕೊಂಡು, ಬಿಡುವಿನಲ್ಲಿ ಬಾಡಿಗೆ ಹೊಡೆದು ಕಂತು ಕಟ್ಟುವೆನೆನ್ನುವವನು ಕಾನೂನಿನ ವಿರುದ್ಧ ನಡೆಯುತ್ತಾನೆ. ಅಪಘಾತವಾದರೆ ವಿಮೆಯವರು ಕೈಬಿಡಬಹುದು.

ಇನ್ನು ಮನಸ್ಸಿನೊಳಗಿನ ಕಾರಣಕ್ಕೆ ಬರೋಣ. ಬಹು ಮಂದಿ ತರುಣರಿಗೆ ಕಾರು ಬೇಕಾಗಿರುವದು ಪ್ರಯಾಣಕ್ಕಲ್ಲ. ಬಸ್ಸಿನಿಂದ ಇಳಿದು ಚೀಲ ಹೊತ್ತು ಬರುವವನನ್ನು “ಯಾವಾಗ ಬಂದೆಪ್ಪಾ?” ಎಂದು ಕೇಳಿ ಸುಮ್ಮನಾಗುವ ಜನರು, ಕಾರಿನಿಂದ ಇಳಿದು ಬರುವವನಿಗೆ ಎದ್ದು ನಿಂತು ಜಾಗ ಮಾಡಿಕೊಡುತ್ತಾರೆ. ಹೆಣ್ಣು ಕೊಡುವವರು ಹುಡುಗನ ನಡತೆಯನ್ನು ಕೇಳುವ ಮುಂಚೆ ಕಾರುಂಟೋ ಎಂದು ಕೇಳುತ್ತಾರೆ. ಯಾಕೋಬನು ತನ್ನ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ, ಚಿನ್ನದ ಉಂಗುರದವನಿಗೆ ಒಳ್ಳೇ ಆಸನವನ್ನೂ ಬಡವನಿಗೆ ಕಾಲ್ಮಣೆಯ ಬಳಿಯ ಸ್ಥಳವನ್ನೂ ಕೊಟ್ಟ ಸಭೆಯನ್ನು ಗದರಿಸುತ್ತಾನೆ. ಉಂಗುರದವನನ್ನಲ್ಲ, ಸಭೆಯನ್ನೇ! ಹುಡುಗರ ಆಡಂಬರವನ್ನು ಮಾತ್ರ ಬೈಯುವ ಹಿರಿಯರು ಇದನ್ನು ಎರಡು ಸಾರಿ ಓದಬೇಕು. ಮಗಳ ಮದುವೆಯ ಊಟಕ್ಕೂ ಚಪ್ಪರಕ್ಕೂ ಹೊಲವನ್ನು ಅಡವಿಟ್ಟ ತಂದೆಯು, ಕಾರಿಗೆ ಸಾಲ ಮಾಡಿದ ಮಗನಿಗೆ ಯಾವ ಬಾಯಿಂದ ಬುದ್ಧಿ ಹೇಳುವನು?

ಹೊಲದ ಮಾತು ಬಂದದರಿಂದ ಒಂದು ಎಚ್ಚರಿಕೆಯನ್ನು ಹೇಳಬೇಕು. ಬೀಸುವ ಕಲ್ಲನ್ನು ಒತ್ತೆಯಾಗಿ ತೆಗೆದುಕೊಳ್ಳಕೂಡದು, ಅದು ಮನುಷ್ಯನ ಜೀವವನ್ನೇ ಒತ್ತೆಯಿಟ್ಟ ಹಾಗೆ ಎಂಬ ಅರ್ಥದ ವಿಧಿಯು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲುಂಟು. ಮಗನ ಕಾರಿಗಾಗಿ ಊಟ ಕೊಡುವ ಹೊಲವನ್ನು ಒತ್ತೆಯಿಡುವದು ಬೀಸುವ ಕಲ್ಲನ್ನು ಕೊಟ್ಟ ಹಾಗೆಯೇ. ಜಾಮೀನಿನ ಸಹಿಯೂ ಹಗುರವಾದದ್ದಲ್ಲ. ನೆರೆಯವನಿಗೆ ಹೊಣೆಯಾದವನು ಬೇಟೆಗಾರನ ಕೈಯಿಂದ ಜಿಂಕೆಯು ತಪ್ಪಿಸಿಕೊಳ್ಳುವಂತೆ ಬೇಗನೆ ಬಿಡಿಸಿಕೊಳ್ಳಬೇಕೆಂದು ಜ್ಞಾನೋಕ್ತಿಗಳ 6ನೆಯ ಅಧ್ಯಾಯವು ಎಚ್ಚರಿಸುತ್ತದೆ; 1872ರ ಕರಾರು ಕಾಯಿದೆಯೂ ಜಾಮೀನುದಾರನ ಹೊಣೆಯನ್ನು ಸಾಲಗಾರನ ಹೊಣೆಗೆ ಸಮಾನವಾಗಿ ಇಡುತ್ತದೆ. ಸ್ನೇಹಕ್ಕಾಗಿ ಸಹಿ ಹಾಕಿದೆನೆಂಬ ಮಾತು ಅಲ್ಲಿ ನಡೆಯದು.

ಮತ್ತೊಂದು ಸಂಗತಿಯು ಮನೆಯೊಳಗೇ ನಡೆಯುತ್ತದೆ. ಹೊರಗೆ ಯಾರಿಗೂ ತಿಳಿಯದು. ಮಗನಿಗೆ ಒಂದು ತಿಂಗಳು ಕಂತು ಸಾಲದಾಗುತ್ತದೆ. ಅವನು ತಾಯಿಗೆ ಫೋನು ಮಾಡಿ, “ಅವ್ವಾ, ಈ ತಿಂಗಳು ಒಂದಿಷ್ಟು ನೋಡವ್ವಾ” ಅನ್ನುತ್ತಾನೆ. ತಾಯಿಯು ಗಂಡನಿಗೆ ಹೇಳದೆ ತನ್ನ ಹೆಸರಿನಲ್ಲಿ ಹೆಂಗಸರ ಗುಂಪಿನಲ್ಲಿ ಸಣ್ಣ ಸಾಲ ಎತ್ತುತ್ತಾಳೆ. ಅದರ ವಾರದ ಕಂತಿಗೆ ಇನ್ನೊಂದು ಕಂಪನಿಯ ಸಾಲ. ಇಂಥ ಸಣ್ಣ ಸಾಲಗಳ ವಸೂಲಿಯ ಕಿರುಕುಳದಿಂದ ನಮ್ಮ ರಾಜ್ಯದಲ್ಲಿ ಜನರು ಊರು ಬಿಟ್ಟದ್ದೂ ಪ್ರಾಣ ಕಳಕೊಂಡದ್ದೂ ಉಂಟು. 2025ರ ಫೆಬ್ರವರಿಯಲ್ಲಿ ಸರ್ಕಾರವು ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಎಲೀಷನ ದಿನಗಳಲ್ಲಿ ತಂದೆಯ ಸಾಲಕ್ಕೆ ಮಕ್ಕಳು ದಾಸರಾಗಲಿದ್ದರು. ಈಗ ಮಗನ ಸಾಲಕ್ಕೆ ತಾಯಿಯು ಕೂಲಿಗೆ ಹೋಗುತ್ತಾಳೆ. ಕಾರು ಕೊಳ್ಳಬೇಕೆಂದಿರುವ ಯೌವನಸ್ಥನೇ, ನಿನ್ನ ತಾಯಿಯ ಹೆಸರಿನಲ್ಲಿ ಈಗಾಗಲೇ ಎಷ್ಟು ಸಾಲವುಂಟೆಂದು ನಿನಗೆ ಗೊತ್ತೋ? ಮೊದಲು ಅದನ್ನು ಕೇಳು.

ಕೇಳಿ, ಲೆಕ್ಕಮಾಡಿ, ಅಗತ್ಯವೆಂದು ಕಂಡರೆ ಹೋಗು. ಆದರೆ ಅವಸರದಿಂದ ಸಹಿ ಹಾಕಬೇಡ. 2024ರ ಅಕ್ಟೋಬರ್ 1ರಿಂದ, ಸಾಲ ಕೊಡುವವರು ಸಾಲದ ಮುಖ್ಯ ಸಂಗತಿಗಳನ್ನೆಲ್ಲಾ ಒಂದು ಪತ್ರದಲ್ಲಿ ಬರೆದುಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಶುಲ್ಕಗಳೂ ಸೇರಿ ನಿಜವಾಗಿ ವರುಷಕ್ಕೆ ನೂರಕ್ಕೆ ಎಷ್ಟು ಬೀಳುತ್ತದೆಂಬುದು ಅದರಲ್ಲಿರಬೇಕು. ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಅದಿರಬೇಕು. ದೀರ್ಘಾವಧಿಯ ಸಾಲಗಳಿಗೆ ಅದನ್ನು ಓದಿ ಯೋಚಿಸುವದಕ್ಕೆ ಕಡಿಮೆಯೆಂದರೆ ಮೂರು ಕೆಲಸದ ದಿನಗಳು ಸಿಕ್ಕಬೇಕು. ಕನ್ನಡದಲ್ಲಿ ಕೊಡಿರೆಂದು ಕೇಳುವದಕ್ಕೆ ನಾಚಿಕೆಪಡಬೇಡ. ಅದನ್ನು ಮನೆಗೆ ತಂದು ತಂದೆತಾಯಿಗಳ ಮುಂದೆ ಗಟ್ಟಿಯಾಗಿ ಓದು. ಅವರಿಗೆ ಅರ್ಥವಾಗದ ಸಾಲು ನಿನಗೂ ಅರ್ಥವಾಗಿಲ್ಲವೆಂದು ತಿಳಿದುಕೋ.

ಈಗಾಗಲೇ ಸಾಲದ ಕಾರು ಕೊಂಡು, ಕಂತು ಕಟ್ಟಲಾರದೆ ಯಾರಿಗೂ ಹೇಳಲಾರದೆ ಇರುವವರು ನಮ್ಮ ಸಭೆಗಳಲ್ಲಿ ಇದ್ದಾರೆ. ಅವರಿಗೆ ನಾವು ಆ ವಿಧವೆಯನ್ನೇ ತೋರಿಸುತ್ತೇವೆ. ಅವಳು ಬಾಗಿಲು ಮುಚ್ಚಿಕೊಂಡು ಅಳುತ್ತಾ ಕೂರಲಿಲ್ಲ, ಹೋಗಿ ಹೇಳಿದಳು. ಮನೆಯಲ್ಲಿ ಏನುಂಟೆಂದು ಪ್ರವಾದಿಯು ಕೇಳಿದನು. ಒಂದು ಮೊಗೆ ಎಣ್ಣೆ. ಅದು ಹೆಚ್ಚಿ ಪಾತ್ರೆಗಳೆಲ್ಲಾ ತುಂಬಿದ ಮೇಲೆ ಅವನು ಕೊಟ್ಟ ಅಪ್ಪಣೆಯ ಕ್ರಮವನ್ನು ನೋಡಿರಿ: ಮೊದಲು ಮಾರುವದು, ಆಮೇಲೆ ಸಾಲ ತೀರಿಸುವದು, ಉಳಿದದ್ದರಿಂದ ತಾಯಿಮಕ್ಕಳು ಜೀವಿಸುವದು. ಕಂತು ತಪ್ಪುವ ಮುಂಚೆಯೇ ಸಾಲ ಕೊಟ್ಟವರ ಬಳಿಗೆ ಹೋಗಿ, ಅವರ ಒಪ್ಪಿಗೆಯಿಂದ ಕಾರನ್ನು ನೀವೇ ಮಾರಿರಿ. ಅವರು ಎಳೆದೊಯ್ದು ಹರಾಜು ಹಾಕಿದರೆ ಬೆಲೆಯು ಕಡಿಮೆ ಬರುವದು. ಕೊರತೆಯು ನಿಮ್ಮ ತಲೆಯ ಮೇಲೆಯೇ ಉಳಿಯುವದು. ಮಾರಿಯೂ ಉಳಿದ ಸಾಲವನ್ನು ಮನೆಯವರಿಗೆ ತಿಳಿಸಿರಿ, ಸಭೆಯ ಹಿರಿಯರಲ್ಲಿ ನಂಬಿಗಸ್ತನಾದ ಒಬ್ಬನಿಗಾದರೂ ತಿಳಿಸಿರಿ.

ಕಡೆಯ ಕಂತನ್ನು ಕಟ್ಟಿದವರಿಗೂ ಒಂದು ಕೆಲಸವುಂಟು. ಅನೇಕರು ಸಂತೋಷದಲ್ಲಿ ಇದನ್ನು ಮರೆತುಬಿಡುತ್ತಾರೆ. ಸಾಲ ಕೊಟ್ಟವರಿಂದ ಬಾಕಿಯಿಲ್ಲವೆಂಬ ಪತ್ರವನ್ನೂ ಸಹಿ ಮಾಡಿದ 35ನೆಯ ನಮೂನೆಯನ್ನೂ ಪಡೆದು, ಸಾರಿಗೆ ಕಚೇರಿಗೆ ಕೊಟ್ಟು, ನೋಂದಣಿ ಪತ್ರದಿಂದ ಅವರ ಹೆಸರನ್ನು ತೆಗೆಯಿಸಬೇಕು. ತೆಗೆಯಿಸದಿದ್ದರೆ ಮುಂದೆ ಕಾರು ಮಾರುವಾಗ ಅದೇ ಹೆಸರು ಅಡ್ಡ ಬರುವದು.